ಕಾಯಕ ದಾಸೋಹಗಳೂ ರುವಾಂಡಾ ದೇಶದ ಪುನರುದ್ಧಾರವೂ

(ಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಹಸಿದು ಬಂದವರಿಗೆ ಅನ್ನವನ್ನಿಕ್ಕುವುದು ಮಠದ ಮೊದಲ ಧರ್ಮ. ಆದರೆ ಉಂಡವನು ಎಂದೆಂದಿಗೂ ಕೈಯೊಡ್ಡಿಯೇ ನಿಲ್ಲುವಂತಾದರೆ ದಾಸೋಹವು ಪೂರ್ಣವಾಯಿತೆನ್ನಲು ಬಾರದು. ಕೊಂಡವನು ತಾನೂ ಕೊಡಬಲ್ಲವನಾದಾಗಲೇ ಅದು ಸಫಲವು. ಈ ತತ್ತ್ವವು ಎಷ್ಟು ಆಳವಾದ ಗಾಯದ ಮೇಲೆ ಕೆಲಸಮಾಡಬಲ್ಲುದೆಂಬುದನ್ನು ಆಫ್ರಿಕಾ ಖಂಡದ ರುವಾಂಡಾ ದೇಶದ ವೃತ್ತಾಂತದಿಂದ ವಿಚಾರಿಸಬಹುದು.

ರುವಾಂಡಾ ಬೆಟ್ಟಗುಡ್ಡಗಳ ಸಣ್ಣ ನಾಡು. ಅಲ್ಲಿಯ ಅನೇಕ ಒಕ್ಕಲಿಗರಿಗೆ ಕಾಫಿಯೇ ರೊಕ್ಕದ ಬೆಳೆ. ೧೯೮೯ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದವು ಮುರಿದು ಬೆಲೆಯು ಕುಸಿಯಿತು. ೧೯೯೦ರಲ್ಲಿ ಅಂತರ್ಯುದ್ಧವು ಮೊದಲಾಯಿತು. ೧೯೯೪ರ ಏಪ್ರಿಲಿನಿಂದ ಜುಲೈವರೆಗೆ, ಸುಮಾರು ೧೦೦ ದಿನಗಳಲ್ಲಿ, ಟುಟ್ಸಿ ಜನರನ್ನು ಹುಡುಕಿ ಹುಡುಕಿ ಕೊಂದರು; ಕೊಲೆಯನ್ನು ಒಪ್ಪದ ಹುಟು ಜನರೂ ಮಡಿದರು. ಸತ್ತವರು ಸುಮಾರು ೮ ಲಕ್ಷವೆಂದು ಬಹುಮಂದಿಯ ಗಣನೆ. ಕೊಂದವರಲ್ಲಿ ಅನೇಕರು ನೆರೆಮನೆಯವರೇ ಆಗಿದ್ದರು. ಯುದ್ಧವು ಮುಗಿದ ಮೇಲೆ ವಿಧವೆಯೂ ಕೊಲೆಗಡುಕನ ಹೆಂಡತಿಯೂ ಒಂದೇ ಗುಡ್ಡದ ಮೇಲೆ ಬಾಳಬೇಕಾಯಿತು. ಹೊಲವು ಪಾಳುಬಿದ್ದಿತ್ತು, ನಂಬಿಕೆಯು ಅದಕ್ಕಿಂತ ಹೆಚ್ಚು ಪಾಳುಬಿದ್ದಿತ್ತು.

ದೇಶದ ದಕ್ಷಿಣಭಾಗದ ಮರಾಬಾ ಎಂಬಲ್ಲಿ ೧೯೯೯ರಲ್ಲಿ ಕಾಫಿ ಬೆಳೆಗಾರರು ಒಂದು ಸಹಕಾರ ಸಂಘವನ್ನು ಕಟ್ಟಿದರು. ಅವರಲ್ಲಿ ಗಂಡಂದಿರನ್ನು ಕಳೆದುಕೊಂಡ ಸ್ತ್ರೀಯರೂ ತಬ್ಬಲಿಗಳೂ ಅನೇಕರಿದ್ದರು. ಚಿಕ್ಕಮಗಳೂರು ಕೊಡಗುಗಳ ತೋಟಗಳನ್ನು ಬಲ್ಲವರಿಗೆ ತಿಳಿದಂತೆ, ಕೊಯ್ದ ಹಣ್ಣನ್ನು ತಡಮಾಡದೆ ಸಿಪ್ಪೆ ಬಿಡಿಸಿ, ಲೋಳೆ ಹೋಗುವಂತೆ ತೊಳೆದು, ಹದವಾಗಿ ಒಣಗಿಸದಿದ್ದರೆ ಕಾಫಿಯ ರುಚಿಯು ಕೆಡುವುದು. ಸ್ವಲ್ಪವೇ ಗಿಡಗಳುಳ್ಳ ಬಡವನು ಇದನ್ನೆಲ್ಲ ಒಬ್ಬನೇ ಮಾಡಲಾರನು. ೨೦೦೧ರಲ್ಲಿ ಅಲ್ಲಿ ಕಾಫಿ ತೊಳೆಯುವ ಕೇಂದ್ರವು ಏರ್ಪಟ್ಟಿತು. ಅಮೆರಿಕ ದೇಶದ ದ್ರವ್ಯಸಹಾಯವೂ ರುವಾಂಡಾದ ವಿಶ್ವವಿದ್ಯಾನಿಲಯದ ನೆರವೂ ಒದಗಿದುವು. ಒಳ್ಳೆಯ ಕಾಫಿಗೆ ಹೊರದೇಶದ ವರ್ತಕರು ಹೆಚ್ಚಿನ ಬೆಲೆಯನ್ನಿತ್ತರು. ಒಬ್ಬನ ಹಣ್ಣು ಕೆಟ್ಟರೆ ಎಲ್ಲರ ಹೆಸರೂ ಕೆಡುವುದಾದ್ದರಿಂದ, ಪರಸ್ಪರ ಮುಖನೋಡಲಾರದವರೂ ಒಂದೇ ತಕ್ಕಡಿಯ ಮುಂದೆ ನಿಂತು ಮಾತಾಡಬೇಕಾಯಿತು. ಉಪದೇಶದಿಂದ ಆಗದುದಕ್ಕೆ ಕಾಯಕವು ದಾರಿಮಾಡಿತು.

೨೦೦೬ರಲ್ಲಿ ಸರಕಾರವು ಬಡಕುಟುಂಬಕ್ಕೊಂದು ಹಸುವನ್ನು ಕೊಡುವ ‘ಗಿರಿಂಕ’ ಯೋಜನೆಯನ್ನು ತೊಡಗಿತು. ಹಸುವುಳ್ಳವನಾಗು ಎಂಬುದು ಆ ಶಬ್ದದ ಅರ್ಥ. ಅದು ಅಲ್ಲಿಯ ಹಳೆಯ ಹರಕೆಯ ಮಾತು. ಹಾಲು ಮಕ್ಕಳಿಗೆ, ಗೊಬ್ಬರ ಹೊಲಕ್ಕೆ. ಪಡೆದವರು ಮೊದಲ ಹೆಣ್ಣುಕರುವನ್ನು ಇನ್ನೊಂದು ಬಡಮನೆಗೆ ಒಪ್ಪಿಸತಕ್ಕದ್ದೆಂಬುದು ನಿಯಮ. ನಿನ್ನೆ ಬೇಡಿದವನು ಇಂದು ದಾನಿಯಾಗುವನು. ಇದನ್ನು ದಾಸೋಹವೆನ್ನದೆ ಮತ್ತೇನೆನ್ನಬೇಕು?

ಆದರೂ ಎಲ್ಲವೂ ಸುಗಮವಾಯಿತೆಂದು ತಿಳಿಯಬಾರದು. ಮೇವು ಬೆಳೆಯುವಷ್ಟು ನೆಲವಿಲ್ಲದವನಿಗೆ ಹಸುವೂ ಹೊರೆಯೇ. ಅನರ್ಹರಿಗೆ ಹಸುಗಳು ಸಂದುವೆಂಬ ದೂರುಗಳೂ ಬಂದುವು. ಕಾಫಿಯ ಬೆಲೆಯನ್ನು ಇಂದಿಗೂ ದೂರದ ಪೇಟೆಗಳೇ ನಿರ್ಣಯಿಸುವುವು. ಕಾಯಕವು ನ್ಯಾಯದ ಸ್ಥಾನವನ್ನು ತುಂಬಲಾರದು. ಆದುದರಿಂದಲೇ ೨೦೧೨ರವರೆಗೆ ಊರೂರಿನಲ್ಲಿ ‘ಗಚಾಚಾ’ ಎಂಬ ಪಂಚಾಯಿತಿಗಳು ಅಪರಾಧಿಗಳ ವಿಚಾರಣೆ ನಡೆಸಿದುವು. ಅವುಗಳ ತೀರ್ಪುಗಳ ಮೇಲೂ ಆಕ್ಷೇಪಗಳುಂಟು. ೧೯೯೯ರ ಶಾಸನವು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕನ್ನು ಕೊಟ್ಟಿತು. ನೆಲದ ಹಕ್ಕಿಲ್ಲದ ವಿಧವೆಗೆ ಬೀಜವನ್ನು ಕೊಟ್ಟು ಫಲವೇನು?

ಆಯ್ದಕ್ಕಿ ಲಕ್ಕಮ್ಮನು, ಪತಿಯು ವಾಡಿಕೆಗಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಕಥೆಯು ಸರ್ವರಿಗೂ ವಿದಿತವಾಗಿದೆ. ಬಡತನವು ಆಕೆಯ ಘನತೆಯನ್ನು ಕುಂದಿಸಲಿಲ್ಲ. ನೊಂದವರಿಗೆ ನೆರವಾಗುವವರು ಆ ಘನತೆಯನ್ನೇ ಮೊದಲು ಕಾಯಬೇಕು. ಎಷ್ಟು ಕೊಟ್ಟೆವೆಂದು ಲೆಕ್ಕವಿಡುವ ಭಕ್ತರು, ಪಡೆದವರಲ್ಲಿ ಎಷ್ಟು ಮಂದಿ ಕೊಡುವವರಾದರೆಂಬ ಲೆಕ್ಕವನ್ನೂ ಇಡಲಿ. ಮಠದ ದಾಸೋಹವು ಆ ದಾರಿಯಲ್ಲಿ ಬೆಳೆಯಲಿ.