ಠಾಣೆಯ ಕೋಟೆಯಿಂದ ದೇವರನಾವದಗಿಯವರೆಗೆ: ಮಂತ್ರ, ಗುಪ್ತ ಸಂಘ ಮತ್ತು ಬೇಹುಗಾರಿಕೆ

ಪೇಶ್ವೆ ಎರಡನೇ ಬಾಜಿರಾವನ ಮಂತ್ರಿ ತ್ರಿಂಬಕಜಿ ಡೇಂಗಳೆಯನ್ನು ಬ್ರಿಟಿಷರು ಠಾಣೆಯ ಕೋಟೆಯಲ್ಲಿ ಸೆರೆಯಿಟ್ಟಾಗ ಕಾವಲಿಗೆ ಯೂರೋಪಿಯನ್ ಸಿಪಾಯಿಗಳನ್ನೇ ಹಾಕಿದ್ದರು. ಪಂಢರಪುರದಲ್ಲಿ 1815ರಲ್ಲಿ ನಡೆದ ಬರೋಡೆಯ ದೂತ ಗಂಗಾಧರ ಶಾಸ್ತ್ರಿಯ ಕೊಲೆಯ ಆರೋಪ ಅವನ ಮೇಲಿತ್ತು. ದೇಸಿ ಸಿಪಾಯಿಗಳಾದರೆ ಅವನ ಮಾತಿಗೆ ಮರುಳಾದಾರು ಎಂಬ ಭಯದಿಂದ ಯೂರೋಪಿಯನ್ನರ ಕಾವಲು. ಆದರೆ ಕೋಟೆಯಲ್ಲಿ ಕುದುರೆ ನೋಡಿಕೊಳ್ಳುವ ಒಬ್ಬ ಮರಾಠಿ ಆಳಿದ್ದ. ತ್ರಿಂಬಕಜಿಯ ಕಿಟಕಿಗೆ ಕೇಳುವಷ್ಟು ಹತ್ತಿರದಲ್ಲಿ, ಕುದುರೆಯ ಮೈ ತಿಕ್ಕುತ್ತ ಹಾಡಿಕೊಳ್ಳುತ್ತಿದ್ದ. ಕಾವಲಿನವರಿಗೆ ಮರಾಠಿ ತಿಳಿಯದು. ಅವರಿಗೆ ಕೇಳಿಸಿದ್ದು ಬರೀ ಹಾಡು. ಸೆರೆಯಾಳಿಗೆ ಸಿಕ್ಕಿದ್ದು ಪಾರಾಗುವ ಉಪಾಯ. 1816ರ ಸೆಪ್ಟೆಂಬರ್ 12ರ ರಾತ್ರಿ ತ್ರಿಂಬಕಜಿ ಗೋಡೆ ಕೊರೆದು ತಪ್ಪಿಸಿಕೊಂಡ. ಬಿಷಪ್ ಹೀಬರ್ ತನ್ನ ಪ್ರವಾಸದ ಬರಹದಲ್ಲಿ ಇದನ್ನು ದಾಖಲಿಸಿದ್ದಾನೆ. ಆ ಕೋಟೆಯೇ ಇಂದಿನ ಠಾಣೆ ಸೆಂಟ್ರಲ್ ಜೈಲು.

ಕೇಳಿಸಿದರೂ ತಿಳಿಯದಂತೆ ಹೇಳುವ ಈ ವಿದ್ಯೆಯನ್ನು ಮಾಂತ್ರಿಕರೂ ಬೇಹುಗಾರರೂ ಒಟ್ಟಿಗೇ ಬೆಳೆಸಿದರು. ಜರ್ಮನಿಯ ಮಠಾಧಿಪತಿ ಟ್ರಿಥೇಮಿಯಸ್ 1500ರ ಸುಮಾರಿಗೆ ಬರೆದ 'ಸ್ಟೆಗನೋಗ್ರಾಫಿಯಾ' ಮೇಲುನೋಟಕ್ಕೆ ಭೂತಗಳನ್ನು ಆವಾಹಿಸಿ ದೂರದೂರಿಗೆ ಸುದ್ದಿ ಕಳಿಸುವ ಗ್ರಂಥ. ಒಳಗಿರುವುದು ಗುಪ್ತಲಿಪಿಯ ಪಾಠ. ಎಲಿಜಬೆತ್ ರಾಣಿಯ ಜ್ಯೋತಿಷಿ ಜಾನ್ ಡೀ ಇದರ ಹಸ್ತಪ್ರತಿಯನ್ನು 1563ರಲ್ಲಿ ಹುಡುಕಿ ನಕಲು ಮಾಡಿಕೊಂಡಿದ್ದ. ಅದರ ಮೂರನೇ ಭಾಗದ ಗುಟ್ಟು ಒಡೆದದ್ದು 1990ರ ದಶಕದಲ್ಲಿ. ಅಲ್ಲಿಯವರೆಗೆ ಅದನ್ನು ಶುದ್ಧ ಮಾಟದ ಪುಸ್ತಕವೆಂದೇ ಹಲವರು ನಂಬಿದ್ದರು.

ಕನ್ನಡ ನಾಡಿಗೆ ಈ ವಿಷಯ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಗೂಢಚಾರರ ಬಗೆಗಳ ನಡುವೆ 'ತಾಪಸ'ನೂ ಇದ್ದಾನೆ. ತಲೆ ಬೋಳಿಸಿಕೊಂಡೋ ಜಟೆ ಬಿಟ್ಟೋ ಊರಂಚಿನಲ್ಲಿ ಶಿಷ್ಯರೊಂದಿಗೆ ಬೀಡುಬಿಡಬೇಕು. ಜನ ನೋಡುವಾಗ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಒಂದು ಹಿಡಿ ಸೊಪ್ಪು ತಿನ್ನಬೇಕು. ಮರೆಯಲ್ಲಿ ಬೇಕಾದ್ದು ಉಣ್ಣಬಹುದು. ವ್ಯಾಪಾರಿಗಳ ವೇಷದ ಚರರು ಅವನ ಸಿದ್ಧಿಯನ್ನು ಹೊಗಳಬೇಕು. ಭವಿಷ್ಯ ಕೇಳಲು ಬಂದವರು ಮನೆಯ ಗುಟ್ಟನ್ನೆಲ್ಲ ತಾವೇ ಬಿಚ್ಚಿಡುತ್ತಾರೆ. ಮಂತ್ರಕ್ಕೂ ಬೇಹಿಗೂ ಇರುವ ನಂಟಿನ ಬುಡ ಇಲ್ಲಿದೆ. ಅದು ದೈವಶಕ್ತಿಯಲ್ಲ, ಜನರ ನಂಬಿಕೆ. ಎಲ್ಲಿ ಪ್ರಶ್ನೆ ಕೇಳುವುದು ತಪ್ಪೆನಿಸುತ್ತದೋ ಅಲ್ಲಿ ಗುಪ್ತಚರನಿಗೆ ಜಾಗ ಸಿಗುತ್ತದೆ. ಆಳುವವರು ಇದನ್ನು ಬಲ್ಲರು. ಹಾಗಾಗಿಯೇ ಅವರು ನಿಜವಾದ ಸಾಧಕನನ್ನೂ ಗುಮಾನಿಯಿಂದಲೇ ನೋಡುತ್ತಾರೆ.

1879ರ ಬೇಸಿಗೆಯಲ್ಲಿ ಈ ಗುಮಾನಿ ಮುಂಬಯಿ ಬಳಿಯ ಕಲ್ಯಾಣದ ರೈಲು ದಾರಿಯಲ್ಲೇ ಓಡಾಡಿತು. ಥಿಯಾಸಫಿಕಲ್ ಸೊಸೈಟಿಯ ಸ್ಥಾಪಕರಾದ ಮೇಡಂ ಬ್ಲಾವಟ್‌ಸ್ಕಿ ಮತ್ತು ಕರ್ನಲ್ ಆಲ್ಕಾಟ್ ಆ ವರ್ಷದ ಫೆಬ್ರವರಿ 16ರಂದು ಮುಂಬಯಿಗೆ ಬಂದಿಳಿದು ಗಿರಗಾಂವಿನಲ್ಲಿ ಮನೆ ಮಾಡಿದರು. ಬ್ಲಾವಟ್‌ಸ್ಕಿ ರಷ್ಯ ಸಾಮ್ರಾಜ್ಯದಲ್ಲಿ ಹುಟ್ಟಿದವರು. ಅಫ್ಘಾನಿಸ್ತಾನದಲ್ಲಿ ರಷ್ಯದ ಭೀತಿಯಿಂದಲೇ ಬ್ರಿಟಿಷರು ಯುದ್ಧ ಹೂಡಿದ್ದ ಕಾಲ ಅದು. ಅದೃಶ್ಯ ಮಹಾತ್ಮರ ಮಾತಾಡುತ್ತ, ದೇಸಿ ಜನರ ಜೊತೆ ಸಮಾನವಾಗಿ ಕುಳಿತು ಉಣ್ಣುವ ರಷ್ಯನ್ ಹೆಂಗಸು ಗೂಢಚಾರಿಣಿಯಲ್ಲದೆ ಇನ್ನೇನು ಎಂದುಕೊಂಡಿತು ಸರ್ಕಾರ. ಏಪ್ರಿಲ್‌ನಲ್ಲಿ ಅವರು ನೇರಳ ನಿಲ್ದಾಣದಲ್ಲಿಳಿದು ಮಾಥೇರಾನ್ ಹತ್ತಿದರು, ಕಾರ್ಲಾ ಗುಹೆಗಳನ್ನು ನೋಡಿದರು. ಆಮೇಲೆ ಉತ್ತರ ಭಾರತಕ್ಕೆ ಹೊರಟಾಗ ಪೊಲೀಸರ ಕಣ್ಣು ಊರೂರಿನಲ್ಲೂ ಬೆನ್ನಿಗಿತ್ತು. ಆಲ್ಕಾಟ್ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೇನೆಯ ಮೋಸಗಳನ್ನು ಪತ್ತೆಹಚ್ಚಿದ್ದ ತನಿಖಾಧಿಕಾರಿ. ಹಿಂಬಾಲಿಸುವವರನ್ನು ಗುರುತಿಸುವುದು ಅವರಿಗೆ ಕಷ್ಟವಾಗಲಿಲ್ಲ. ಅಮೆರಿಕದ ಕಾನ್ಸಲ್‌ಗೆ ದೂರು ಕೊಟ್ಟರು.

ಅದೇ ತಿಂಗಳುಗಳಲ್ಲಿ, ಅದೇ ಸಹ್ಯಾದ್ರಿಯ ಸೆರಗಿನಲ್ಲಿ, ಇನ್ನೊಬ್ಬ ಸಾಧಕ ಬಂದೂಕು ಹಿಡಿದಿದ್ದ. ವಾಸುದೇವ ಬಳವಂತ ಫಡ್ಕೆ ಹುಟ್ಟಿದ್ದು 1845ರ ನವೆಂಬರ್ 4ರಂದು, ನವಿ ಮುಂಬಯಿಯ ಮಗ್ಗುಲಲ್ಲಿರುವ, ಪನ್ವೇಲ್ ತಾಲೂಕಿನ ಶಿರಢೋಣದಲ್ಲಿ. ಪುಣೆಯಲ್ಲಿ ಸರ್ಕಾರಿ ಗುಮಾಸ್ತ. ಮನೆಯಲ್ಲಿ ದತ್ತಾತ್ರೇಯನ ಕಟ್ಟಾ ಉಪಾಸಕ. ಬರಗಾಲದ ಸಂಕಟ ಕಂಡು ರಾಮೋಶಿ ಸಮುದಾಯದವರನ್ನು ಕೂಡಿಸಿಕೊಂಡು ಗುಟ್ಟಾಗಿ ದಂಡು ಕಟ್ಟಿದರು, ಫೆಬ್ರವರಿಯಲ್ಲಿ ದಂಗೆ ಎದ್ದರು. ಮೇ ತಿಂಗಳಲ್ಲಿ ಅವರ ಬಲಗೈಯಾಗಿದ್ದ ದೌಲತರಾವ್ ನಾಯಕ ಘಟ್ಟ ಇಳಿದು, ಆಗ ಠಾಣೆ ಜಿಲ್ಲೆಗೇ ಸೇರಿದ್ದ ಪನ್ವೇಲ್ ಬಳಿಯ ಪಳಸ್ಪೆಯನ್ನು ಲೂಟಿ ಮಾಡಿದ. ಹಿಂದಿರುಗುವಾಗ ಬ್ರಿಟಿಷ್ ಅಧಿಕಾರಿ ಮೇಜರ್ ಡೇನಿಯಲ್‌ನ ಪಡೆಯ ಗುಂಡಿಗೆ ಸತ್ತ.

ಫಡ್ಕೆಯವರಿಗೆ ಅಡಗುದಾಣವೂ ಯಾತ್ರಾಸ್ಥಳವೂ ಬೇರೆಬೇರೆಯಾಗಿರಲಿಲ್ಲ. ಶ್ರೀಶೈಲದ ಮಲ್ಲಿಕಾರ್ಜುನನ ಸನ್ನಿಧಿಯಲ್ಲಿ ಪ್ರಾಣ ಅರ್ಪಿಸಲು ಹೊರಟಿದ್ದರು, ಅಲ್ಲಿಯೇ ಆತ್ಮಚರಿತ್ರೆ ಬರೆದರು. ಆಮೇಲೆ ದತ್ತಕ್ಷೇತ್ರ ಗಾಣಗಾಪುರದ ಕಡೆ ತಿರುಗಿದರು. ಕೊನೆಗೆ 1879ರ ಜುಲೈನಲ್ಲಿ, ಆಗಿನ ಕಲಾದಗಿ ಜಿಲ್ಲೆಯ, ಅಂದರೆ ಇಂದಿನ ವಿಜಯಪುರ ಜಿಲ್ಲೆಯ ದೇವರನಾವದಗಿಯ ಗುಡಿಯೊಂದರಲ್ಲಿ ಫಡ್ಕೆಯವರನ್ನು ಡೇನಿಯಲ್ ಮತ್ತು ಹೈದರಾಬಾದಿನ ಪೊಲೀಸ್ ಅಧಿಕಾರಿ ಅಬ್ದುಲ್ ಹಕ್ ಹಿಡಿದರು. ಅವರ ದಿನಚರಿ, ಆತ್ಮಕಥನಗಳೇ ನ್ಯಾಯಾಲಯದಲ್ಲಿ ಅವರ ವಿರುದ್ಧ ಸಾಕ್ಷ್ಯವಾದವು. ದೇವರೆದುರು ಮನಸ್ಸು ಬಿಚ್ಚಿ ಬರೆದದ್ದು ಸರ್ಕಾರದ ಕಡತವಾಯಿತು ಎಂಬುದು ಈ ಇಡೀ ಕಥೆಯಲ್ಲಿ ಅತ್ಯಂತ ನೋವಿನ ಸಂಗತಿ. 1883ರ ಫೆಬ್ರವರಿ 17ರಂದು ಏಡನ್‌ನ ಸೆರೆಯಲ್ಲಿ ಅವರು ತೀರಿಕೊಂಡರು.

ಬ್ಲಾವಟ್‌ಸ್ಕಿಯ ಕಥೆ ಬೇರೆಯೇ ದಾರಿ ಹಿಡಿಯಿತು. 1880ರ ಅಕ್ಟೋಬರ್‌ನಲ್ಲಿ ಸಿಮ್ಲಾದ ವನಭೋಜನದಲ್ಲಿ ಒಂದು ಕಪ್ಪು ಕಡಿಮೆ ಬಿದ್ದಾಗ ಆಕೆ ತೋರಿಸಿದ ಜಾಗ ಅಗೆದರೆ ಅದೇ ಮಾದರಿಯ ಕಪ್ಪು-ಸಾಸರು ಸಿಕ್ಕಿತಂತೆ. ಅಲ್ಲಿದ್ದ ಅತಿಥಿಗಳಲ್ಲಿ ಪೊಲೀಸ್ ಅಧಿಕಾರಿ ಮೇಜರ್ ಹೆಂಡರ್ಸನ್ ಒಬ್ಬ. ಪವಾಡವನ್ನು ಮತ್ತೊಮ್ಮೆ, ಪರೀಕ್ಷೆಗೆ ಒಪ್ಪುವಂತೆ ಮಾಡಿ ತೋರಿಸಿ ಎಂದು ಅವನು ಕೇಳಿದ. ಈ ಹೆಂಡರ್ಸನ್ನನೇ ಮುಂದೆ 1890ರ ದಶಕದಲ್ಲಿ ಮೈಸೂರಿನ ರೆಸಿಡೆಂಟ್ ಆದ. ಸಿಮ್ಲಾದಲ್ಲೇ ಆಲ್ಕಾಟ್ ಸರ್ಕಾರಕ್ಕೆ ಬರೆದು ಬೇಹುಗಣ್ಣನ್ನು ತೆಗೆಸಿದರು. ಆದರೂ ಲಂಡನ್ನಿನ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ತನಿಖೆಗೆ ಕಳಿಸಿದ್ದ ಹಾಜ್‌ಸನ್‌ನ 1885ರ ವರದಿ ಆಕೆಯ ಪವಾಡಗಳನ್ನು ಮೋಸವೆಂದು ತಳ್ಳಿಹಾಕಿ, ರಷ್ಯದ ಹಿತವೇ ಆಕೆಯ ಉದ್ದೇಶವಿರಬಹುದೆಂದು ಸೂಚಿಸಿತು.

ಬ್ರಿಟಿಷರ ಬೇಹುಗಾರಿಕೆ ಬೆಳೆದದ್ದೇ ಇಂಥ ನೆಲದಲ್ಲಿ. ಕಾಳಿಯ ಹೆಸರಿನಲ್ಲಿ ಕೊಲ್ಲುತ್ತಾರೆನ್ನಲಾದ ಠಗ್ಗರೆಂಬ ದಾರಿಗಳ್ಳರನ್ನು ಹಿಡಿಯಲು ಬ್ರಿಟಿಷ್ ಅಧಿಕಾರಿ ಸ್ಲೀಮನ್ ಕಟ್ಟಿದ ಇಲಾಖೆ ಮಾಫಿ ಸಾಕ್ಷಿಗಳ ಹೇಳಿಕೆಯ ಮೇಲೆ ನಿಂತಿತ್ತು. ಠಗ್ಗರದು ನಿಜಕ್ಕೂ ಒಂದು ಪಂಥವಾಗಿತ್ತೇ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಆ ಠಗ್ಗಿ ಮತ್ತು ಡಕಾಯಿತಿ ಇಲಾಖೆಯೇ 1904ರಲ್ಲಿ ಕೇಂದ್ರ ಗುಪ್ತಚರ ಇಲಾಖೆಯಾಗಿ ಮಾರ್ಪಟ್ಟಿತು. ಅದೇ ವರ್ಷ ಸಾವರಕರ್ 'ಅಭಿನವ ಭಾರತ' ಎಂಬ ಗುಪ್ತ ಸಂಘ ಕಟ್ಟಿದರು. ಮಾದರಿ, ಇಟಲಿಯ ಮಾಜಿನಿ. ಮಾಜಿನಿ ಪಳಗಿದ್ದು ದೀಕ್ಷೆ, ಪ್ರತಿಜ್ಞೆ, ಸಂಕೇತಗಳ ಕಾರ್ಬೊನಾರಿ ಎಂಬ ಗುಪ್ತ ಸಂಘದಲ್ಲಿ; ಅಲ್ಲಿ ದೀಕ್ಷೆ ಪಡೆಯಲು ಬಂದವನ ವೇಷದಲ್ಲಿದ್ದ ಪೊಲೀಸರ ಆಳಿನಿಂದಲೇ 1830ರಲ್ಲಿ ಅವನು ಸೆರೆಯಾದ.

1909ರ ಡಿಸೆಂಬರ್ 21ರಂದು ನಾಸಿಕದ ವಿಜಯಾನಂದ ನಾಟಕಗೃಹದಲ್ಲಿ, ದೇವಲರ 'ಶಾರದಾ' ನಾಟಕಕ್ಕೆ ಬಂದಿದ್ದ ಕಲೆಕ್ಟರ್ ಜಾಕ್ಸನ್‌ನನ್ನು ಅಭಿನವ ಭಾರತದ ನಂಟಿದ್ದ ಅನಂತ ಕಾನ್ಹೇರೆ ಗುಂಡಿಕ್ಕಿ ಕೊಂದ. ಸಂಘದ ಒಳಗಿನವರ ಹೇಳಿಕೆಗಳೇ ಉಳಿದವರನ್ನು ಸಿಕ್ಕಿಸಿದವು. 1910ರ ಏಪ್ರಿಲ್ 19ರಂದು ಕಾನ್ಹೇರೆ, ಕೃಷ್ಣಾಜಿ ಕರ್ವೆ, ವಿನಾಯಕ ದೇಶಪಾಂಡೆ ಮೂವರನ್ನೂ ಠಾಣೆಯ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಸಂಘಗಳು ಪ್ರವಾಸ ಹಾಕುವುದುಂಟು. ಒಮ್ಮೆ ಶಿರಢೋಣದಿಂದ ಹೊರಟು ಗಾಣಗಾಪುರ, ದೇವರನಾವದಗಿಗಳಿಗೆ ಹೋಗಿ ಬರಬೇಕು. ಫಡ್ಕೆಯವರ ಬಗ್ಗೆ ಮರಾಠಿಯಲ್ಲಿ ಬರಹ ಬೇಕಾದಷ್ಟಿದೆ. ಅವರು ಸಿಕ್ಕಿಬಿದ್ದ ಊರಿನ ಕನ್ನಡದ ನೆನಪುಗಳನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡುವ ಕೆಲಸವನ್ನು ಎರಡೂ ಭಾಷೆ ಬಲ್ಲ ಇಲ್ಲಿನ ಕನ್ನಡಿಗರು ಕೈಗೆತ್ತಿಕೊಳ್ಳಲಿ.