ಇಲ್ಲ, ಅಲ್ಲ, ಬೇಡ

ಇಂದು ವಿಶೇಷ ಶಿಕ್ಷಣದ ಪದವಿ ಪಡೆದ ಮಕ್ಕಳೇ,

ನೀವು ಕಷ್ಟಪಟ್ಟು ಓದಿದ್ದೀರಿ ಎಂಬುದನ್ನು ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ಚೆಂಬೂರಿನಲ್ಲಿ ನಿಂತು ಕನ್ನಡದಲ್ಲೇ ಮಾತಾಡಿ ಎಂದಿರಲ್ಲ, ಅದಕ್ಕೆ ನಾನು ಋಣಿ. ನಾನು ಹೇಳಬೇಕಾದ ವಿಷಯಕ್ಕೂ ಅದಕ್ಕೂ ಸಂಬಂಧವಿದೆ.

ನಾನು ಕೆಲಸಕ್ಕೆ ಸೇರಿದಾಗ ನನ್ನ ಕೈಹಿಡಿದು ನಡೆಸಿದವರು ಒಬ್ಬ ಮರಾಠಿ ಹಿರಿಯ ಶಿಕ್ಷಕಿ. ಇಲ್ಲಿನ ಶಾಲೆಗಳ ರೂಢಿಯಂತೆ ನಾವೆಲ್ಲ ಅವರನ್ನು ‘ಬಾಯಿ’ ಎನ್ನುತ್ತಿದ್ದೆವು. ಕನ್ನಡದಲ್ಲಿ ಆ ಪದಕ್ಕಿರುವ ಅರ್ಥ ಅವರಿಗೆ ಗೊತ್ತಾದ ದಿನ ತುಂಬ ಸಂತೋಷಪಟ್ಟರು. ಮಿಥು ಅಲೂರ್ ಅವರು 1972ರಲ್ಲಿ ಕೊಲಾಬಾದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಶಾಲೆ ಆರಂಭಿಸಿದ ಮೇಲೆ ಈ ನಗರದಲ್ಲಿ ಹುಟ್ಟಿದ ಹೊಸ ನಂಬಿಕೆಯಲ್ಲಿ ಬೆಳೆದವರು ಬಾಯಿ. ಮಾತಾಡಲು ಬಾರದ ಮಗುವಿಗೂ ಹೇಳುವುದಿರುತ್ತದೆ ಎಂಬ ನಂಬಿಕೆ ಅದು. ಬಿಸ್ಕೆಟ್ ಪೊಟ್ಟಣದ ಚಿತ್ರ, ಬಸ್ ಟಿಕೆಟ್, ಹಳೆಯ ಕ್ಯಾಲೆಂಡರಿನ ಗಣಪತಿ, ಎಲ್ಲವನ್ನೂ ಕತ್ತರಿಸಿ ರಟ್ಟಿಗೆ ಅಂಟಿಸಿ, ಮಕ್ಕಳು ಚಿತ್ರ ತೋರಿಸಿ ಮಾತಾಡುವ ಹಲಗೆ ಮಾಡುತ್ತಿದ್ದರು. ಪ್ರಶ್ನೆ ಕೇಳಿದ ಕೂಡಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಯಾಕೆ ಎಂದು ಕೇಳಿದ್ದೆ. ಕೈ ಮುಂದಿದ್ದರೆ ಮಗುವಿನ ಬೆರಳು ಹಿಡಿದು ನಾನೇ ಚಿತ್ರದ ಮೇಲೆ ಇಟ್ಟುಬಿಡುತ್ತೇನೆ, ಆಮೇಲೆ ಅದು ಮಗುವಿನ ಉತ್ತರ ಆಗುವುದಿಲ್ಲ ಎಂದಿದ್ದರು. ಒಮ್ಮೆ ಒಬ್ಬ ಹುಡುಗಿಯ ಉತ್ತರಕ್ಕಾಗಿ ಅವರು ಹಾಗೆಯೇ ನಿಂತಿದ್ದಾಗ ಶಾಲೆಯ ಗಂಟೆ ಹೊಡೆಯಿತು, ಆಯಾ ಬಂದು ಬಾಗಿಲಲ್ಲಿ ಕಾದಳು. ಬಾಯಿ ಅಲುಗಲಿಲ್ಲ. ಹುಡುಗಿ ಕೊನೆಗೆ ಗಣಪತಿಯ ಮೇಲೆ ಕಣ್ಣಿಟ್ಟಳು. ಮನೆಯಲ್ಲಿ ಗಣಪತಿ ಕೂರಿಸಿದ್ದಾರೆ ಎಂಬುದು ನಮಗೆ ತಿಳಿದದ್ದು ಹಾಗೆ.

ಈಗ ನನ್ನ ತಪ್ಪಿನ ಕತೆ. ಘಾಟ್ಲಾದ ಒಂದು ಚಾಳಿನಿಂದ ಏಳು ವರ್ಷದ ಹುಡುಗನೊಬ್ಬ ನನ್ನ ತರಗತಿಗೆ ಬರುತ್ತಿದ್ದ. ಕಾರ್ಕಳದ ಕಡೆಯವರು, ಮನೆಮಾತು ತುಳು. ಅಪ್ಪನಿಗೆ ಹೋಟೆಲಿನಲ್ಲಿ ಕೆಲಸ. ಹುಡುಗನ ಬಲ ಮುಷ್ಟಿ ಮಾತ್ರ ಸ್ವಲ್ಪ ಹೇಳಿದಂತೆ ಕೇಳುತ್ತಿತ್ತು. ಅವನ ಹಲಗೆಯನ್ನು ನಾನೇ ಮಾಡಿದೆ. ಅಮ್ಮ ಕೊಟ್ಟ ಮದುವೆಯ ಗುಂಪು ಫೋಟೋದಿಂದ ಅಪ್ಪನ ಮುಖ ಕತ್ತರಿಸಿ ಅಂಟಿಸಿದೆ. ಮೂಲೆಯಲ್ಲಿ ಕೆಂಪು ಗುರುತು, ಕೆಳಗೆ ‘ನೋ’ ಎಂದು ಇಂಗ್ಲಿಷಿನಲ್ಲಿ. ಅಪ್ಪ ಎಲ್ಲಿ, ತೋರಿಸು ಎಂದಾಗಲೆಲ್ಲ ಅವನು ‘ನೋ’ ಮೇಲೆ ಮುಷ್ಟಿ ಬಡಿಯುತ್ತಿದ್ದ, ಅಳುತ್ತಿದ್ದ. ಅಪ್ಪ ಬೇಡ ಅನ್ನುತ್ತಿದ್ದಾನೆ ಎಂದು ನಾನು ಬರೆದುಕೊಂಡೆ. ನಾಲ್ಕು ವಾರ ಬರೆದೆ. ಕೊನೆಗೆ ಅಪ್ಪನನ್ನು ಕರೆಸಿ, ಮಗುವಿಗೆ ಹೊಡೆಯುತ್ತೀರಾ ಎಂದು ಕೇಳಿದೆವು. ಆತ ಆಫೀಸಿನಲ್ಲಿ ತಲೆ ತಗ್ಗಿಸಿ ನಿಂತದ್ದು ನನಗೆ ಇವತ್ತಿಗೂ ಕಾಣುತ್ತದೆ. ಹಲಗೆ ತರಗತಿಯ ಕಪಾಟಿನಲ್ಲಿತ್ತು. ಆತ ಅದನ್ನು ನೋಡಲೇ ಇಲ್ಲ, ಅಮ್ಮನೂ ನೋಡಿರಲಿಲ್ಲ. ಆಮೇಲೆ ಊರಿನಿಂದ ಬಂದ ಅಜ್ಜಿ ಒಂದು ಮಧ್ಯಾಹ್ನ ತರಗತಿಯೊಳಗೆ ಬಂದು ಕೂತರು. ಹಲಗೆ ನೋಡಿದ್ದೇ, ಇದು ಅವನ ಅಪ್ಪ ಅಲ್ಲ, ದೊಡ್ಡಪ್ಪ ಎಂದರು.

ಹುಡುಗ ಹೇಳುತ್ತಿದ್ದದ್ದು ‘ಅಲ್ಲ’. ನಾನು ಓದಿದ್ದು ‘ಬೇಡ’.

ಇಂಗ್ಲಿಷಿಗೆ ಅಲ್ಲಿ ಒಂದು ಪದ ಸಾಕು. ನಮಗೆ ಮೂರು ಬೇಕು. ನೀರು ಇಲ್ಲ, ಇದು ನೀರು ಅಲ್ಲ, ನೀರು ಬೇಡ. ತುಳುವಿನಲ್ಲಿ ಇಜ್ಜಿ, ಅತ್ತ್, ಬೊಡ್ಚಿ. ಮನೆಯಲ್ಲಿ ಈ ಮೂರನ್ನೂ ಕೇಳಿಸಿಕೊಂಡೇ ಬೆಳೆದ ಮಗುವಿನ ಮುಂದೆ ಒಂದೇ ಕೆಂಪು ಚೌಕ ಇಟ್ಟು, ಅದು ಹಠ ಮಾಡುತ್ತದೆ ಎಂದು ವರದಿ ಬರೆಯುತ್ತೇವೆ. ಇಂಗ್ಲಿಷ್ ಹಲಗೆಯನ್ನು ಪದಕ್ಕೆ ಪದ ಬದಲಿಸಿದರೆ ಕನ್ನಡದ ಹಲಗೆ ಆಗುವುದಿಲ್ಲ. ‘ಅಮ್ಮ’ ಚಿತ್ರದ ಪಕ್ಕದಲ್ಲಿ ಗೆ, ಇಂದ, ಅಲ್ಲಿ, ಜೊತೆ ಇವುಗಳಿಗೂ ಮನೆ ಬೇಕು. ಇಲ್ಲದಿದ್ದರೆ ಅಮ್ಮನಿಗೆ ಕೊಡು ಅನ್ನುವುದೂ ಅಮ್ಮನಿಂದ ತಾ ಅನ್ನುವುದೂ ಒಂದೇ ಆಗಿಬಿಡುತ್ತದೆ.

ನಮ್ಮ ವೃತ್ತಿಯವರು ಒಂದು ಸಲಹೆ ಕೊಡುತ್ತಾರೆ: ಮಗುವಿಗೆ ಗೊಂದಲ ಆಗುತ್ತದೆ, ಮನೆಯಲ್ಲೂ ಇಂಗ್ಲಿಷ್ ಒಂದನ್ನೇ ಬಳಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಎರಡನೆಯ, ಮೂರನೆಯ ಭಾಷೆಯ ಪಾಠದಿಂದ ವಿನಾಯಿತಿ ಕೊಡುತ್ತದೆ, ನಿಜ. ಅದು ಪಠ್ಯಕ್ರಮಕ್ಕೆ, ಪರೀಕ್ಷೆಗೆ ಸಂಬಂಧಿಸಿದ್ದು. ಅಜ್ಜಿಯ ಜೊತೆ ಮಾತಾಡುವುದರಿಂದ ವಿನಾಯಿತಿಯನ್ನು ಯಾವ ಕಾನೂನೂ ಕೊಟ್ಟಿಲ್ಲ. ಅದೇ ಸೆಕ್ಷನ್ ಪೂರಕ ಮತ್ತು ಪರ್ಯಾಯ ಸಂವಹನದ ವಿಧಾನಗಳ ಬಳಕೆಯನ್ನು ಸರ್ಕಾರ ಉತ್ತೇಜಿಸಬೇಕು ಎಂದೂ ಹೇಳುತ್ತದೆ. ಆ ಸಾಲನ್ನು ಯಾರೂ ಓದಿ ಹೇಳುವುದಿಲ್ಲ.

ಇನ್ನೊಂದು ಭಯವನ್ನು ನೀವು ಪ್ರತಿ ಮನೆಯಲ್ಲೂ ಕೇಳುತ್ತೀರಿ. ಹಲಗೆ ಕೊಟ್ಟರೆ ಇರುವ ಮಾತೂ ಹೋಗುತ್ತದಾ ಮೇಡಂ? ಹೋಗುವುದಿಲ್ಲ. ಡಯೇನ್ ಮಿಲ್ಲರ್, ಜಾನಿಸ್ ಲೈಟ್, ರಾಲ್ಫ್ ಶ್ಲಾಸರ್ 2006ರಲ್ಲಿ ಪ್ರಕಟಿಸಿದ ಅಧ್ಯಯನಗಳ ಸಮೀಕ್ಷೆಯಲ್ಲಿ ನಂಬಲರ್ಹ ಪುರಾವೆ ಸಿಕ್ಕಿದ 27 ಜನರ ಪೈಕಿ ಒಬ್ಬರಿಗೂ ಮಾತು ಕಡಿಮೆಯಾಗಿರಲಿಲ್ಲ, ಹೆಚ್ಚಿನವರಿಗೆ ಸ್ವಲ್ಪವಾದರೂ ಹೆಚ್ಚಿತ್ತು. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಸೆರೆಬ್ರಲ್ ಪಾಲ್ಸಿ ಇರುವ, ಇದೇ ಮುಂಬಯಿಯ ಮಾಲಿನಿ ಚಿಬ್ ಸೇಂಟ್ ಝೇವಿಯರ್ಸ್‌ನಲ್ಲಿ ಪದವಿ ಪಡೆದರು, ಲಂಡನ್ನಿನಲ್ಲಿ ಎರಡು ಸ್ನಾತಕೋತ್ತರ ಪದವಿ ಮಾಡಿದರು, ಒಂದೇ ಬೆರಳಿನಿಂದ ಟೈಪ್ ಮಾಡಿ ‘ಒನ್ ಲಿಟಲ್ ಫಿಂಗರ್’ ಎಂಬ ಆತ್ಮಕತೆ ಬರೆದರು. ಅದನ್ನೂ ಆ ತಾಯಂದಿರಿಗೆ ಹೇಳಿ.

ನಿಮ್ಮ ಮೇಲೆ ನನಗೊಂದು ಅಸಮಾಧಾನವಿದೆ. ನೀವು ಕಾಯುವುದಿಲ್ಲ. ಮೂರು ಸೆಕೆಂಡ್ ಮೌನವಾದರೆ ಮಗುವಿನ ಪರವಾಗಿ ನೀವೇ ಉತ್ತರಿಸುತ್ತೀರಿ. ಕಳೆದ ವರ್ಷ ಅಭ್ಯಾಸಕ್ಕೆ ಬಂದ ಒಬ್ಬರು, ಮಗು ಮೊದಲ ಸಲ ಎರಡು ಚಿತ್ರ ಜೋಡಿಸಿ ಹೇಳುತ್ತಿದ್ದಾಗ ವಿಡಿಯೊ ತೆಗೆಯಲು ಮೊಬೈಲ್ ಎತ್ತಿದರು. ಮಗು ಹೇಳುವುದನ್ನು ನಿಲ್ಲಿಸಿ ಮೊಬೈಲ್ ನೋಡಿತು. ಆ ಮಾತು ಅಲ್ಲಿಗೇ ಹೋಯಿತು. ಈಗ ಚಿತ್ರ ಮುಟ್ಟಿ ಮಾತಾಡುವ ಆ್ಯಪ್‌ಗಳಿವೆ: ಚೆನ್ನೈಯ ಆವಾಜ್ ಇದೆ, ನಮ್ಮ ಪೊವಾಯಿಯ ಐಐಟಿ ಮಾಡಿದ ಜೆಲ್ಲೊ ಇದೆ, ಅದಕ್ಕೆ ಹಣವೂ ಕೊಡಬೇಕಿಲ್ಲ. ಆದರೆ ದಾನಿಗಳು ಕೊಟ್ಟ ಟ್ಯಾಬ್ ಒಡೆದೀತೆಂದು ಬೀಗ ಹಾಕಿಟ್ಟ ಶಾಲೆಗಳನ್ನು ನಾನು ನೋಡಿದ್ದೇನೆ. ಮಗುವಿನ ಮಾತಿಗೆ ಬೀಗ ಹಾಕುವ ಅಧಿಕಾರ ನಿಮಗಿಲ್ಲ. ಒಡೆದರೆ ಒಡೆಯಲಿ.

ಜೂನ್‌ನ ಮಳೆ ಬರುವ ಮೊದಲು ಹಲಗೆಗಳನ್ನು ಲ್ಯಾಮಿನೇಟ್ ಮಾಡಿಸಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ನಮ್ಮ ತರಗತಿಗೂ ನೀರು ನುಗ್ಗಿತು. ಕೆಳಗಿನ ಗೂಡಿನಲ್ಲಿದ್ದ ರಟ್ಟುಗಳೆಲ್ಲ ಮುದ್ದೆಯಾದವು. ಹೊಸದನ್ನು ಮಾಡುವವರೆಗೆ ಹದಿನೈದು ದಿನ ಆ ಮಕ್ಕಳಿಗೆ ಮಾತೇ ಇರಲಿಲ್ಲ. ಆದ್ದರಿಂದ ಪ್ರತಿ ಹಲಗೆಗೆ ಮೂರು ಪ್ರತಿ: ಒಂದು ತರಗತಿಗೆ, ಒಂದು ಚೀಲಕ್ಕೆ, ಒಂದು ಅಡುಗೆಮನೆಯ ಗೋಡೆಗೆ. ಟ್ಯಾಬ್ ಇದ್ದರೂ ಕಾಗದದ್ದು ಇರಲಿ. ಚಿತ್ರಗಳ ಜಾಗ ಬದಲಾಯಿಸಬೇಡಿ, ಮಗುವಿನ ಕೈಗೆ ಜಾಗ ರೂಢಿಯಾಗಿರುತ್ತದೆ. ನೀರು, ಊಟ, ಬಾತ್‌ರೂಮ್ ಇಷ್ಟರಲ್ಲೇ ನಿಲ್ಲಿಸಬೇಡಿ. ಬೈಯಲು, ತಮಾಷೆ ಮಾಡಲು, ಸುಮ್ಮನಿರಿ ಎನ್ನಲು ಪದ ಕೊಡಿ. ಹಲಗೆ ಮಾಡುವ ಮೊದಲು ಮನೆಗೆ ಹೋಗಿ ಒಂದು ಸಂಜೆ ಕೂತು, ಅಲ್ಲಿ ಏನು ಮಾತಾಡುತ್ತಾರೆ ಕೇಳಿಸಿಕೊಳ್ಳಿ. ಅಜ್ಜಿ ಇದ್ದರೆ ಅವರ ಪಕ್ಕದಲ್ಲೇ ಕೂತುಕೊಳ್ಳಿ.

ಆ ಅಪ್ಪನ ಕ್ಷಮೆ ಕೇಳಲು ನಾನು ಘಾಟ್ಲಾದ ಅವರ ಮನೆಗೆ ಹೋಗಿದ್ದೆ. ಆತ ಚಹಾ ಕೊಟ್ಟರು, ಹೆಚ್ಚು ಮಾತಾಡಲಿಲ್ಲ. ನಾನು ಹೊಸ ಹಲಗೆ ಒಯ್ದಿದ್ದೆ, ಅದರಲ್ಲಿ ಸರಿಯಾದ ಫೋಟೋ ಇತ್ತು, ಮೂರು ಬೇರೆ ಬೇರೆ ಚೌಕಗಳಿದ್ದವು. ಹುಡುಗ ಬಹಳ ಹೊತ್ತು ನೋಡಿದ. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಾದೆ. ಅವನು ಮುಷ್ಟಿ ಎತ್ತಿ ಅಪ್ಪನ ಮುಖದ ಮೇಲೆ ಇಟ್ಟ.