ಮೊಸರಿನ ಕುಡಿಕೆಯೂ ಸೀಸದ ವಿಷವೂ

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮೊಸರಿನಲ್ಲಿರುವ ಸೂಕ್ಷ್ಮಜೀವಿಗಳು ಮೈಯೊಳಗಿನ ಸೀಸ, ಪಾದರಸಗಳ ವಿಷವನ್ನು ತಗ್ಗಿಸುತ್ತವೆ ಎಂಬ ಮಾತು ಈಗ ಕೇಳಿಬರುತ್ತಿದೆ. ಇದರಲ್ಲಿ ನಿಜವೆಷ್ಟು, ದುಡಿಯುವ ಜನ ಇದರಿಂದ ತಿಳಿಯಬೇಕಾದ್ದೇನು ಎಂಬುದನ್ನು ನಾವು ಇಂದು ವಿಚಾರ ಮಾಡೋಣ.

ಸೀಸ ಹಾವಿನ ವಿಷದಂತೆ ಒಂದೇ ಗಳಿಗೆಯಲ್ಲಿ ಕೊಲ್ಲುವುದಿಲ್ಲ. ದಿನಕ್ಕಿಷ್ಟಿಷ್ಟು ಮೈಸೇರಿ, ಮೂಳೆಯಲ್ಲಿ ಹತ್ತಾರು ವರ್ಷ ಮನೆ ಮಾಡಿಕೊಂಡಿರುತ್ತದೆ. ಹಳೆಯ ಬ್ಯಾಟರಿ ಕರಗಿಸುವವನ, ಗೋಡೆಯ ಹಳೆಯ ಬಣ್ಣ ಕೆರೆಯುವವನ ಬಟ್ಟೆಯ ಧೂಳಿನೊಡನೆ ಅದು ಮನೆಗೂ ಬರುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ಕರುಳು ಸುಮಾರು ಹತ್ತರಲ್ಲಿ ಒಂದು ಪಾಲು ಹೀರಿದರೆ, ಎಳೆಯ ಮಕ್ಕಳ ಕರುಳು ಅರ್ಧದವರೆಗೂ ಹೀರುತ್ತದೆ. ಇಷ್ಟು ಸೀಸ ಸೇರಿದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಹಾಗಾದರೆ ಸೂಕ್ಷ್ಮಜೀವಿ ಮಾಡುವುದೇನು? ಲ್ಯಾಕ್ಟೋಬ್ಯಾಸಿಲಸ್ ಎಂಬ ಜಾತಿಯ ಬ್ಯಾಕ್ಟೀರಿಯಾಗಳ ಹೊರಗೋಡೆಯಲ್ಲಿ ಋಣ ವಿದ್ಯುದಂಶವಿರುತ್ತದೆ. ಸೀಸ, ಕ್ಯಾಡ್ಮಿಯಂಗಳ ಕಣಗಳಲ್ಲಿ ಇರುವುದು ಧನ ವಿದ್ಯುದಂಶ. ಆದ್ದರಿಂದ ಆ ಕಣಗಳು ಗೋಡೆಗೆ ಅಂಟಿಕೊಳ್ಳುತ್ತವೆ. ರಕ್ತಕ್ಕೆ ಇಳಿಯುವ ಮೊದಲೇ ಹೀಗೆ ಅಂಟಿಕೊಂಡದ್ದು ಮಲದೊಡನೆ ಹೊರಬೀಳುತ್ತದೆ. ಚೀನದ ವೂಶಿ ನಗರದ ಜಿಯಾಂಗ್‌ನಾನ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಇದನ್ನು ಪರೀಕ್ಷಿಸಿ ಒಳ್ಳೆಯ ಫಲ ಕಂಡಿದ್ದಾರೆ.

ಮನುಷ್ಯರಲ್ಲಿ ನಡೆದ ಒಂದು ಪ್ರಯೋಗ ಆಫ್ರಿಕದ ಟಾಂಜಾನಿಯ ದೇಶದ್ದು. ವಿಕ್ಟೋರಿಯ ಸರೋವರದ ದಡದಲ್ಲಿ ಮ್ವಾಂಝಾ ಎಂಬ ಪಟ್ಟಣವಿದೆ. ಆ ಸೀಮೆಯ ಸಣ್ಣ ಗಣಿಗಾರರು ಅದಿರಿನಿಂದ ಚಿನ್ನ ತೆಗೆಯಲು ಪಾದರಸ ಬಳಸುತ್ತಾರೆ. ಅಲ್ಲಿ ಬಡ ಹೆಂಗಸರೇ ಅಡಿಗೆಮನೆ ನಡೆಸಿ, ಕೆನಡಾದ ವಿಜ್ಞಾನಿಗಳು ಕೊಟ್ಟ ಒಂದು ಬಗೆಯ ಹೆಪ್ಪಿನಿಂದ ಮೊಸರು ಮಾಡುತ್ತಾರೆ. ಆ ಬಗೆಯ ಮೊಸರನ್ನು ಗರ್ಭಿಣಿಯರಿಗೂ ಶಾಲೆಯ ಮಕ್ಕಳಿಗೂ ಕೊಟ್ಟು ನೋಡಿದ ವರದಿ 2014ರಲ್ಲಿ ಪ್ರಕಟವಾಯಿತು. ಮೊಸರು ತಿಂದ ಗರ್ಭಿಣಿಯರ ರಕ್ತದಲ್ಲಿ ಪಾದರಸ, ಆರ್ಸೆನಿಕ್‌ಗಳು ಮತ್ತಷ್ಟು ಏರುವುದು ತಗ್ಗಿತು. ಮಕ್ಕಳಲ್ಲಿ ಕಂಡ ಫಲ ಗಟ್ಟಿಯಾಗಿ ಹೇಳುವಷ್ಟಿರಲಿಲ್ಲ.

ಇದು ಸಂತೋಷದ ಸುದ್ದಿಯೇ. ಆದರೆ ಎರಡು ಮಾತು ಮರೆಯಬಾರದು. ಮೊದಲನೆಯದು, ಪ್ರಯೋಗ ಚಿಕ್ಕದು. ಬಳಸಿದ್ದು ಆರಿಸಿದ ಹೆಪ್ಪು. ನಮ್ಮ ಮನೆಯ ಮೊಸರೆಲ್ಲ ಅದೇ ಕೆಲಸ ಮಾಡುತ್ತದೆಂದು ಹೇಳಬರುವುದಿಲ್ಲ. ಎರಡನೆಯದು, ಕರುಳಿನಲ್ಲಿರುವುದನ್ನು ಹಿಡಿಯಬಲ್ಲ ಬ್ಯಾಕ್ಟೀರಿಯಾ ಶ್ವಾಸದೊಡನೆ ಒಳಹೊಕ್ಕ ಧೂಳನ್ನು ಎದೆಗೂಡಿನಿಂದ ತೆಗೆಯಲಾರದು. ನಾಳೆ ಮಾಲೀಕನೊಬ್ಬ ಪಾಳಿಗೊಂದು ಲೋಟ ಮಜ್ಜಿಗೆ ಕೊಟ್ಟು, ಧೂಳು ಹೀರುವ ಯಂತ್ರದ ಖರ್ಚು ಉಳಿಸಿಕೊಂಡರೆ ನಾವು ಸುಮ್ಮನಿರಬೇಕೆ? ಮಜ್ಜಿಗೆಯನ್ನು ಕುಡಿಯೋಣ, ಯಂತ್ರವನ್ನೂ ಕೇಳೋಣ. ಸೀಸದ ವಿಷವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗವೆಂದು 1948ರ ಕಾರ್ಖಾನೆ ಕಾಯಿದೆಯೇ ಸಾರಿತ್ತು. ಅದು ಹೊಸ ಬೇಡಿಕೆಯಲ್ಲ.

ವಿಷವನ್ನು ಹುಟ್ಟುವಲ್ಲೇ ತಡೆದರೆ ಏನಾಗುತ್ತದೆಂಬುದಕ್ಕೆ ಬಾಂಗ್ಲಾದೇಶ ಸಾಕ್ಷಿ. ಅಲ್ಲಿ ಅರಿಸಿನಕ್ಕೆ ಹಳದಿ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸುತ್ತಿದ್ದರು. 2019ರಲ್ಲಿ ಪೇಟೆಯ ಮಾದರಿಗಳಲ್ಲಿ ಶೇಕಡ 47ರಲ್ಲಿ ಸೀಸವಿತ್ತು. ಸರ್ಕಾರ ತಪಾಸಣೆ ಮಾಡಿತು, ದಂಡ ಹಾಕಿತು, ಜನರಿಗೆ ತಿಳಿಸಿತು. 2021ರಲ್ಲಿ ಒಂದು ಮಾದರಿಯಲ್ಲೂ ಸೀಸ ಸಿಗಲಿಲ್ಲ. ಅರಿಸಿನದ ಗಿರಣಿ ಕೂಲಿಗಳ ರಕ್ತದಲ್ಲಿ ಸೀಸ ಸುಮಾರು ಶೇಕಡ 30ರಷ್ಟು ಇಳಿಯಿತು. ಚಿಲ್ಲರೆ ಅಂಗಡಿಯವರು ಇದನ್ನು ಗಮನಿಸಬೇಕು: ಬೆರಕೆ ನಡೆಯುವುದು ಮೇಲೆ, ಗಿರಾಕಿಯ ಬೈಗುಳ ಬರುವುದು ನಿಮ್ಮ ಗಲ್ಲಾಪೆಟ್ಟಿಗೆಯ ಮುಂದೆ.

ಇನ್ನೊಂದು ಮಾತು. ಹೊಟ್ಟೆ ಖಾಲಿಯಿದ್ದಾಗ, ಕಬ್ಬಿಣ, ಸುಣ್ಣದಂಶ ಕಡಿಮೆಯಾದಾಗ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ. ಅಂದರೆ ಒಂದೇ ಧೂಳು ಉಂಡವನಿಗಿಂತ ಹಸಿದವನನ್ನು ಹೆಚ್ಚು ಹಾಳುಮಾಡುತ್ತದೆ. ರಾಗಿ, ಸೊಪ್ಪು, ಮೊಸರು ಊಟದಲ್ಲಿರಲಿ. ಅವನ್ನು ಕೊಳ್ಳುವಷ್ಟು ಕೂಲಿಯೂ ಇರಲಿ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಸೀಸದ ಕೆಲಸವಿರುವಲ್ಲೆಲ್ಲ ಕಾಲಕಾಲಕ್ಕೆ ರಕ್ತಪರೀಕ್ಷೆ, ಅದರ ಫಲ ಕಾರ್ಮಿಕನ ಕೈಗೆ, ಕೈತೊಳೆಯಲು ಸಾಬೂನು ನೀರು, ಕೆಲಸದ ಬಟ್ಟೆ ಕಾರ್ಖಾನೆಯಲ್ಲೇ ಬಿಟ್ಟು ಬರುವ ಏರ್ಪಾಡು. ವಿಷವೇರಿದವನಿಗೆ ಕೂಲಿ ಕಡಿಯದೆ ಬೇರೆ ಕೆಲಸ, ವೈದ್ಯರ ಕೈಯಲ್ಲಿ ಚಿಕಿತ್ಸೆ. ಸಂಘದ ಮುಂದಿನ ಸಭೆಗೆ ಪ್ರತಿಯೊಬ್ಬರೂ ತಮ್ಮ ಖಾತೆಯಲ್ಲಿ ಧೂಳು ಏಳುವ ಜಾಗ ಯಾವುದೆಂದು ಬರೆದು ತನ್ನಿ. ಮನವಿಯನ್ನು ಅಲ್ಲಿಂದಲೇ ಆರಂಭಿಸೋಣ.